ಅಜ್ಜನ ಮೂತ್ರನಾಳ ಮತ್ತು ನನ್ನ ಪೂರ್ಣ ಅಂಕ

ಪ್ರಥಮ ಪಿಯುಸಿಯ ವಾರ್ಷಿಕ ಪರೀಕ್ಷೆಯಲ್ಲಿ ಮಾನವನ ವಿಸರ್ಜನಾಂಗ ವ್ಯೂಹದ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುವ ಪ್ರಶ್ನೆ ಬಂದಿತ್ತು. ಅವರೆ ಬೀಜದ ಆಕಾರದ ಎರಡು ಮೂತ್ರಪಿಂಡ, ಕೆಳಗೆ ಚೀಲದಂತಹ ಮೂತ್ರಕೋಶ. ಮೂತ್ರಪಿಂಡಗಳಿಗೆ ಪೆನ್ಸಿಲಿನಿಂದ ನೆರಳು ಕೊಟ್ಟು ಚೆಂದ ಮಾಡಿದ್ದೆ. ಅವನ್ನು ಮೂತ್ರಕೋಶಕ್ಕೆ ಸೇರಿಸುವ ಮೂತ್ರನಾಳಗಳಿಗೆ ಮಾತ್ರ ಸ್ಕೇಲ್ ಇಟ್ಟು ಎರಡೆರಡು ಗೆರೆ ಎಳೆದೆ, ಮುಗಿಯಿತು. ಆ ಪ್ರಶ್ನೆಗೆ ಪೂರ್ಣ ಅಂಕ ಬಂತು. ಮೂತ್ರಪಿಂಡದ ಬಗ್ಗೆ, ನೆಫ್ರಾನಿನ ಬಗ್ಗೆ ಪುಟಗಟ್ಟಲೆ ಓದಿದ್ದೇವೆ. ಮೂತ್ರನಾಳದ ಬಗ್ಗೆ ಇದ್ದದ್ದು ಒಂದೆರಡು ವಾಕ್ಯ. ಅದು ಮೂತ್ರವನ್ನು ಮೇಲಿನಿಂದ ಕೆಳಗೆ ಸಾಗಿಸುತ್ತದೆ, ಅಷ್ಟೇ.

ನಾನು ಆ ಗೆರೆಗಳನ್ನು ಎಳೆಯುತ್ತಿದ್ದ ಹೊತ್ತಿಗೆ ನಮ್ಮ ಮನೆಯಲ್ಲಿ ಅಜ್ಜನ ಎಡಗಡೆಯ ಮೂತ್ರನಾಳದೊಳಗೆ ಒಂದು ಗಡ್ಡೆ ಬೆಳೆಯುತ್ತಿತ್ತು. ಅದು ನಮಗೆ ಗೊತ್ತಾದದ್ದು ರಜೆ ಮುಗಿಯುವ ಹೊತ್ತಿಗೆ.

ಉಪ್ಪ ಸೌದಿಯಲ್ಲಿದ್ದಾರೆ. ಚಿಕ್ಕಪ್ಪನಿಗೆ ಅಂಗಡಿ ಬಿಟ್ಟು ಬರಲು ಆಗುವುದಿಲ್ಲ. ಹಾಗಾಗಿ ಅಜ್ಜನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರ್ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳುತ್ತಿದ್ದರು. ಅಜ್ಜನಿಗೆ ಬ್ಯಾರಿ ಬಿಟ್ಟರೆ ಮೀನು ಮಾರಲು ಬೇಕಾದಷ್ಟು ತುಳು, ಸ್ವಲ್ಪ ಕನ್ನಡ. ನಡುವೆ ನಾನು. ಅರ್ಥವಾಗದ್ದನ್ನು ಅನುವಾದ ಮಾಡಲು ಆಗುವುದಿಲ್ಲವಲ್ಲ, ಹಾಗಾಗಿ ಅರ್ಥ ಮಾಡಿಕೊಳ್ಳಲೇಬೇಕಾಯಿತು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕುಳಿತು ಕಲಿತದ್ದು, ಆಮೇಲೆ ನಮ್ಮ ಜೀವಶಾಸ್ತ್ರದ ಸರ್ ಹತ್ತಿರ ಕೇಳಿ ತಿದ್ದಿಕೊಂಡದ್ದು, ಎರಡೂ ಸೇರಿ ಈ ಬರಹ.

ಮೊದಲ ಸುಳಿವು ನನಗೇ ಸಿಕ್ಕಿತ್ತು, ನಾನು ಅದನ್ನು ಕಡೆಗಣಿಸಿದೆ. ಒಂದು ದಿನ ಸುಬ್‌ಹ್ ಬಾಂಗ್‌ಗೆ ಮೊದಲೇ ಎಚ್ಚರವಾಗಿ ಹಿತ್ತಿಲಿಗೆ ಹೋದರೆ ಅಜ್ಜ ಕಲ್ಲಿನ ಮೇಲೆ ತಮ್ಮ ಬಿಳಿ ಲುಂಗಿಯನ್ನು ತಾವೇ ತಿಕ್ಕಿ ತೊಳೆಯುತ್ತಿದ್ದರು. ಅಜ್ಜ ಬಟ್ಟೆ ಒಗೆಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಏನಾಯಿತು ಎಂದರೆ, ಎಲೆಯಡಿಕೆಯ ಕಲೆ ಎಂದರು. ನಾನು ನಂಬಿ ಒಳಗೆ ಹೋದೆ. ಎಲೆಯಡಿಕೆಯ ಕಲೆ ಲುಂಗಿಯ ಆ ಜಾಗಕ್ಕೆ ಹೇಗೆ ಬರುತ್ತದೆ ಎಂದು ಯೋಚಿಸಲಿಲ್ಲ. ಆ ದಿನಗಳಲ್ಲಿ ಅವರು ಮಸೀದಿಗೆ ಹೋಗುವುದನ್ನೂ ಕಡಿಮೆ ಮಾಡಿದ್ದರು. ಮೊಣಕಾಲು ನೋವು ಎಂದುಕೊಂಡೆವು.

ಆಮೇಲೆ ಅಜ್ಜನೇ ಹೇಳಿದರು: ಅವರಿಗೆ ಕಾಣಿಸಿದ್ದು ರಕ್ತ. ಮೂತ್ರ ಪೂರ್ತಿ ಕೆಂಪಾಗಿತ್ತು. ಒಂದು ಚೂರೂ ನೋವಿರಲಿಲ್ಲ. ಎರಡು ದಿನ ಬಂತು, ಮೂರನೆಯ ದಿನ ನಿಂತಿತು. ‘ನಿಂತಿತಲ್ಲ, ಅಲ್‌ಹಮ್ದುಲಿಲ್ಲಾಹ್ ಅಂದುಕೊಂಡೆ’ ಎಂದರು. ಸುಮಾರು ಮೂರು ವಾರ ಏನೂ ಇಲ್ಲ. ಮತ್ತೆ ಬಂತು, ಮತ್ತೆ ನಿಂತಿತು. ಹೀಗೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ಅವರ ಚಿಂತೆ ಕಾಯಿಲೆಯದ್ದಾಗಿರಲಿಲ್ಲ, ಲುಂಗಿ ಪಾಕ್ ಇದೆಯೋ ಇಲ್ಲವೋ, ನಮಾಝ್ ಆಗುತ್ತದೋ ಇಲ್ಲವೋ ಎಂಬುದೇ ಆಗಿತ್ತು. ಅದನ್ನು ಉಸ್ತಾದರ ಬಳಿ ಕೇಳಲೂ ನಾಚಿಕೆ. ಅಜ್ಜಿಗೆ ಹೇಳಲೂ ನಾಚಿಕೆ. ಮೊಮ್ಮಗನಿಗಂತೂ ಹೇಳುವ ಮಾತೇ ಇಲ್ಲ.

ನೋವಿಲ್ಲದೆ ಬರುವ, ತಾನಾಗಿಯೇ ನಿಲ್ಲುವ ರಕ್ತ: ಈ ಕಾಯಿಲೆಯ ದೊಡ್ಡ ಮೋಸ ಇದೇ. ಇಂತಹ ಗಡ್ಡೆಗಳು ಹಲವು ಸಲ ನಾಳದ ಒಳಗೋಡೆಯಿಂದ ಪಾಚಿಯ ಎಳೆಗಳಂತೆ ಹೊರಚಾಚಿ ಬೆಳೆಯುತ್ತವೆ. ಆ ಎಳೆಗಳ ಒಳಗಿನ ರಕ್ತನಾಳಗಳು ಬಹಳ ತೆಳು. ಒಂದು ಎಳೆ ಹರಿದರೆ ರಕ್ತ ಬರುತ್ತದೆ, ಹೆಪ್ಪುಗಟ್ಟಿದರೆ ನಿಲ್ಲುತ್ತದೆ. ರಕ್ತ ನಿಂತಿತು ಎಂದರೆ ಗಡ್ಡೆ ಹೋಯಿತು ಎಂದಲ್ಲ. ಕಲ್ಲು ಇದ್ದರೆ ಮನುಷ್ಯ ನೋವಿನಿಂದ ಹೊರಳಾಡಿಕೊಂಡು ಆ ರಾತ್ರಿಯೇ ಆಸ್ಪತ್ರೆಗೆ ಹೋಗುತ್ತಾನೆ. ಇದರಲ್ಲಿ ನೋವಿಲ್ಲದ್ದರಿಂದಲೇ ಮನೆಯಲ್ಲಿ ಕೂರುತ್ತಾನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಒಂದೇ ಒಂದು ಸಲ ಮೂತ್ರದಲ್ಲಿ ರಕ್ತ ಕಾಣಿಸಿದರೂ, ಮರುದಿನ ಅದು ಮಾಯವಾಗಿದ್ದರೂ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಹೆಚ್ಚಿನವರಿಗೆ ಅದು ಸೋಂಕೋ ಕಲ್ಲೋ ಆಗಿರುತ್ತದೆ. ಬೀಟ್‌ರೂಟ್ ತಿಂದದ್ದೂ ಆಗಿರಬಹುದು. ಆದರೆ ಅದನ್ನು ಪರೀಕ್ಷೆ ಹೇಳಬೇಕು, ನಾವು ಊಹಿಸಬಾರದು.

ನಾವು ಊಹಿಸಿದೆವು. ಕೊನೆಗೂ ಅಜ್ಜನಿಗೆ ಸೊಂಟದ ಎಡಗಡೆ ಭಾರವೆನಿಸಲು ಶುರುವಾಗಿ, ಊರಿನ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ಹೊಟ್ಟೆಯ ಸ್ಕ್ಯಾನ್ ಮಾಡಿದಾಗ ಎಡ ಮೂತ್ರಪಿಂಡ ಊದಿಕೊಂಡಿದೆ ಎಂದು ಬಂತು. ಕೆಳಗೆ ಎಲ್ಲೋ ಕಲ್ಲು ಅಡ್ಡ ನಿಂತಿರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ಕಲ್ಲು ಮಾತ್ರ ಸ್ಕ್ಯಾನಿನಲ್ಲಿ ಕಂಡಿರಲಿಲ್ಲ. ಮೂತ್ರಪಿಂಡವೂ ಮೂತ್ರಕೋಶವೂ ಆ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತವೆ, ನಡುವಿನ ನಾಳ ಕರುಳಿನ ಹಿಂದೆ ಅಡಗಿರುವುದರಿಂದ ಸರಿಯಾಗಿ ಕಾಣುವುದಿಲ್ಲ ಎಂಬುದು ನಮಗೆ ಆಗ ಗೊತ್ತಿರಲಿಲ್ಲ. ಕಲ್ಲು ಹೋಗುವ ಮಾತ್ರೆ ಕೊಟ್ಟರು. ಅಜ್ಜಿ ದಿನಾ ಬೆಳಿಗ್ಗೆ ಬಾಳೆದಿಂಡಿನ ರಸ ಕೊಟ್ಟರು. ನಮ್ಮ ಕರಾವಳಿಯಲ್ಲಿ ಬೆವರು ಹೆಚ್ಚು, ಗಲ್ಫಿನಿಂದ ಬಂದವರಲ್ಲಿ ಅರ್ಧ ಜನ ಕಲ್ಲಿನ ಕಥೆ ಹೇಳುತ್ತಾರೆ. ಹಾಗಾಗಿ ಕಲ್ಲು ಎಂದರೆ ಎಲ್ಲರಿಗೂ ಒಂದು ಸಮಾಧಾನ, ಗೊತ್ತಿರುವ ಕಾಯಿಲೆ. ಹೀಗೆ ಇನ್ನೂ ಐದು ವಾರ ಹೋಯಿತು.

ಮಂಗಳೂರಿನ ಮೂತ್ರರೋಗ ತಜ್ಞರು ಅಜ್ಜನ ಬಳಿ ಕೇಳಿದ್ದು ಒಂದು ವಿಚಿತ್ರ ಪ್ರಶ್ನೆ. ರಕ್ತ ಬರುವಾಗ ಗಟ್ಟಿ ಗಟ್ಟಿಯಾಗಿ ಏನಾದರೂ ಬಂದಿತ್ತೇ, ಅದರ ಆಕಾರ ಹೇಗಿತ್ತು? ನಾನು ಅನುವಾದಿಸಿದೆ. ಅಜ್ಜ ನೆಲ ನೋಡುತ್ತಾ ಹೇಳಿದರು, ಒಮ್ಮೆ ಎರೆಹುಳದಂತಹ ಉದ್ದದ ಒಂದು ಬಂದಿತ್ತು, ಹುಳವೇ ಇರಬೇಕು ಎಂದು ಮೆಡಿಕಲ್‌ನಿಂದ ಹುಳದ ಮಾತ್ರೆ ತಂದು ತಿಂದೆ ಎಂದು. ನನಗೆ ನಗು ಬಂತು. ಡಾಕ್ಟರ್ ನಗಲಿಲ್ಲ, ಪೆನ್ನು ಕೆಳಗಿಟ್ಟರು. ಮೂತ್ರಕೋಶ ಅಗಲವಾದ ಚೀಲ, ಅಲ್ಲಿ ಹೆಪ್ಪುಗಟ್ಟಿದ ರಕ್ತಕ್ಕೆ ಗೊತ್ತಾದ ಆಕಾರವಿರುವುದಿಲ್ಲ. ಮೂತ್ರನಾಳ ಸಪೂರ ಕೊಳವೆ. ಅದರೊಳಗೆ ಹೆಪ್ಪುಗಟ್ಟಿದರೆ ಅಚ್ಚಿನಲ್ಲಿ ಹಾಕಿದಂತೆ ಉದ್ದಕ್ಕೆ ಬರುತ್ತದೆ. ರಕ್ತ ಎಲ್ಲಿಂದ ಬರುತ್ತಿದೆ ಎಂಬುದನ್ನು ಆ ‘ಹುಳ’ ಮೊದಲೇ ಹೇಳಿತ್ತು. ಅದನ್ನು ಓದಬಲ್ಲವರ ಹತ್ತಿರ ನಾವು ತಡವಾಗಿ ಹೋದೆವು.

ರಕ್ತನಾಳಕ್ಕೆ ಬಣ್ಣದ ಔಷಧ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿದರು. ಆ ಔಷಧ ಮೂತ್ರಪಿಂಡದ ಮೂಲಕ ಸೋಸಿ ಮೂತ್ರದೊಂದಿಗೆ ಇಳಿಯುವಾಗ ಇಡೀ ದಾರಿ ಬೆಳ್ಳಗೆ ಕಾಣುತ್ತದೆ. ಅಜ್ಜನ ಬಲಗಡೆ ಆ ಬಿಳಿ ಗೆರೆ ಮೇಲಿನಿಂದ ಕೆಳಗಿನವರೆಗೆ ಇತ್ತು. ಎಡಗಡೆ ಅರ್ಧಕ್ಕಿಂತ ಕೆಳಗೆ ಒಂದು ಜಾಗದಲ್ಲಿ ತುಂಡಾಗಿತ್ತು. ಆಮೇಲೆ ಅರಿವಳಿಕೆ ಕೊಟ್ಟು, ಮೂತ್ರದ್ವಾರದಿಂದಲೇ ಸಪೂರದ ದುರ್ಬೀನು ಕಳಿಸಿ, ನಾಳದೊಳಗಿನಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿ ಬಂದ ಹೆಸರು ಯೂರೋಥೀಲಿಯಲ್ ಕಾರ್ಸಿನೋಮ.

ಇದನ್ನು ಬ್ಯಾರಿಯಲ್ಲಿ ಹೇಗೆ ಹೇಳುವುದು? ಡಾಕ್ಟರ್ ನನಗೆ ವಿವರಿಸಿದ್ದು ಹೀಗೆ. ಮೂತ್ರಪಿಂಡದೊಳಗೆ ಮೂತ್ರ ಬಂದು ಸೇರುವ ಆಲಿಕೆಯಂತಹ ಜಾಗ, ಅಲ್ಲಿಂದ ಇಳಿಯುವ 25ರಿಂದ 30 ಸೆಂಟಿಮೀಟರ್ ಉದ್ದದ ಮೂತ್ರನಾಳ, ಕೆಳಗಿನ ಮೂತ್ರಕೋಶ, ಇವೆಲ್ಲಕ್ಕೂ ಒಳಗಡೆ ಒಂದೇ ಬಗೆಯ ಪೊರೆಯ ಹೊದಿಕೆ. ಅದೇ ಯೂರೋಥೀಲಿಯಂ. ನಮ್ಮ ಪಠ್ಯದ ಭಾಷೆಯಲ್ಲಿ ಪರಿವರ್ತನಾ ಎಪಿಥೀಲಿಯಂ. ಮೂತ್ರ ತುಂಬಿದಾಗ ಹಿಗ್ಗಿ, ಖಾಲಿಯಾದಾಗ ಕುಗ್ಗಿ, ಮೂತ್ರದಲ್ಲಿರುವ ವಿಷವಸ್ತುಗಳು ದೇಹಕ್ಕೆ ಮರಳಿ ಹೋಗದಂತೆ ತಡೆಯುವುದು ಅದರ ಕೆಲಸ. ಅಜ್ಜನ ಕಾಯಿಲೆ ಮೂತ್ರಪಿಂಡದ ಮಾಂಸದ ಕ್ಯಾನ್ಸರ್ ಅಲ್ಲ, ಈ ಹೊದಿಕೆಯ ಕ್ಯಾನ್ಸರ್.

ನನಗೆ ನೆನಪಾದದ್ದು ಕಲಾಯಿ. ಮದುವೆ ಮನೆಯ ತಾಮ್ರದ ದೊಡ್ಡ ಪಾತ್ರೆಗಳಿಗೆ ಒಳಗಡೆ ತವರದ ಕಲಾಯಿ ಹಾಕಿಸುತ್ತಾರಲ್ಲ, ಹಾಗೆ. ‘ಅಜ್ಜ, ಮೂತ್ರ ಹೋಗುವ ದಾರಿಗೆ ಒಳಗೆ ಕಲಾಯಿ ಇದೆ. ನಿಮ್ಮದು ಒಂದು ಜಾಗದಲ್ಲಿ ಕೆಟ್ಟಿದೆ’ ಎಂದೆ. ಅಜ್ಜ ತಕ್ಷಣ ಕೇಳಿದರು: ‘ಒಂದು ಕಡೆ ಕಲಾಯಿ ಹೋದ ಪಾತ್ರೆಯಲ್ಲಿ ಬೇರೆ ಕಡೆಯೂ ಹೋಗುತ್ತದಲ್ಲ?’ ನಾನು ಇದನ್ನು ಡಾಕ್ಟರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಅಜ್ಜನನ್ನೇ ನೋಡಿದರು. ಅವರು ಮುಂದೆ ಹೇಳಬೇಕೆಂದಿದ್ದ ವಿಷಯ ಅದೇ ಆಗಿತ್ತು.

ಈ ಹೊದಿಕೆಯ ಕ್ಯಾನ್ಸರುಗಳಲ್ಲಿ ನೂರಕ್ಕೆ 90ರಿಂದ 95 ಮೂತ್ರಕೋಶದಲ್ಲಿ ಬರುತ್ತವೆ. ಅದೇನೂ ತೀರಾ ಅಪರೂಪವಲ್ಲ. ಮೇಲಿನ ದಾರಿಯಲ್ಲಿ, ಎಂದರೆ ಮೂತ್ರಪಿಂಡದ ಆಲಿಕೆ ಮತ್ತು ಮೂತ್ರನಾಳದಲ್ಲಿ ಬರುವುದು ಉಳಿದ 5ರಿಂದ 10. ಅದರಲ್ಲಿಯೂ ಆಲಿಕೆಯಲ್ಲೇ ಹೆಚ್ಚು, ನಾಳದಲ್ಲಿ ಕಡಿಮೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಬರುವ ಕಾಯಿಲೆ. ‘ಲಕ್ಷದಲ್ಲಿ ಒಬ್ಬ ಎಂದು ನಿಮ್ಮನ್ನು ಸುಮ್ಮನೆ ಹೊಗಳುತ್ತಿದ್ದೆನೇ’ ಎಂದು ಚಿಕ್ಕಪ್ಪ ತಮಾಷೆ ಮಾಡಲು ನೋಡಿದರು. ಯಾರೂ ನಗಲಿಲ್ಲ. ಅಪರೂಪವಾದರೂ ಇದು ಮೂತ್ರಕೋಶದ್ದಕ್ಕಿಂತ ಹೆಚ್ಚು ಅಪಾಯದ್ದು. ಮೂತ್ರಕೋಶದ ಗೋಡೆ ದಪ್ಪ, ನಾಳದ ಗೋಡೆ ತೆಳು. ಬೇರು ಬಿಟ್ಟ ಗಡ್ಡೆ ಬೇಗ ಸ್ನಾಯು ಪದರವನ್ನು ಮುಟ್ಟುತ್ತದೆ, ಅಲ್ಲಿಂದ ಹೊರಗೂ ದಾಟಬಹುದು. ಮೇಲಿನ ದಾರಿಯ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪತ್ತೆಯಾಗುವಾಗಲೇ ಗೋಡೆಯೊಳಗೆ ಇಳಿದಿರುತ್ತವೆ. ಆ ನಾಲ್ಕು ತಿಂಗಳು, ಆ ಐದು ವಾರ ನನಗೆ ಈಗಲೂ ಚುಚ್ಚುವುದು ಇದರಿಂದ.

ಡಾಕ್ಟರ್ ಮತ್ತೆ ಪ್ರಶ್ನೆಗಳ ಪಟ್ಟಿ ತೆಗೆದರು. ಬೀಡಿ ಸಿಗರೇಟು ಇದೆಯೇ? ಬಣ್ಣದ, ರಬ್ಬರಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದೀರಾ? ವರ್ಷಗಟ್ಟಲೆ ನೋವಿನ ಮಾತ್ರೆ? ನಾಟಿ ಔಷಧ? ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲೇ ದೊಡ್ಡ ಕರುಳಿನ ಕ್ಯಾನ್ಸರ್ ಆದವರು ಇದ್ದಾರೆಯೇ? ಕೊನೆಯ ಪ್ರಶ್ನೆ ಏಕೆಂದರೆ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷವಿರುವ ಕುಟುಂಬಗಳಲ್ಲಿ ಕರುಳಿನ ಕ್ಯಾನ್ಸರಿನ ಜೊತೆಗೆ ಇದೂ ಬರುತ್ತದೆ. ನಮ್ಮಲ್ಲಿ ಅದಿರಲಿಲ್ಲ. ಕಾರ್ಖಾನೆಯೂ ಇಲ್ಲ, ಸೈಕಲಿನಲ್ಲಿ ಮೀನು ಮಾರಿದವರು. ಬೀಡಿ ಇತ್ತು. ಹದಿನೈದನೆಯ ವಯಸ್ಸಿನಿಂದ, ದಿನಕ್ಕೆ ಎರಡು ಕಟ್ಟು.

ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಕಾಯಿಲೆ ಬರುವುದು ಮೂತ್ರನಾಳಕ್ಕೆ, ಇದು ಹೇಗೆ ಎಂದು ನಾನು ಸರ್ ಹತ್ತಿರ ಕೇಳಿದೆ. ಅವರು ಜರ್ಮನಿಯ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಅವರ ಕಥೆ ಹೇಳಿದರು. 1895ರಲ್ಲಿ, ಅನಿಲೀನಿನಿಂದ ಬಟ್ಟೆಯ ಬಣ್ಣ ತಯಾರಿಸುವ ಕೆಲಸಗಾರರಲ್ಲಿ ಮೂತ್ರಕೋಶದ ಗಡ್ಡೆಗಳು ಬರುತ್ತಿರುವುದನ್ನು ಅವರು ವರದಿ ಮಾಡಿದರು. (ಮರುವರ್ಷ ಇರಿತಕ್ಕೊಳಗಾದ ಒಬ್ಬನ ಹೃದಯಕ್ಕೆ ಹೊಲಿಗೆ ಹಾಕಿ ಬದುಕಿಸಿದವರೂ ಇವರೇ.) ಆಮೇಲಿನ ಸಂಶೋಧನೆಗಳು ತೋರಿಸಿದ್ದು ಏನೆಂದರೆ, ಆ ಕಾರ್ಖಾನೆಗಳಲ್ಲಿದ್ದ ಅರೋಮ್ಯಾಟಿಕ್ ಅಮೀನುಗಳೆಂಬ ರಾಸಾಯನಿಕಗಳೇ ಅಪರಾಧಿಗಳು. ಅದೇ ಗುಂಪಿನ ವಸ್ತುಗಳು ತಂಬಾಕಿನ ಹೊಗೆಯಲ್ಲಿಯೂ ಇವೆ. ಅವು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೂತ್ರಪಿಂಡಕ್ಕೆ ಬರುತ್ತವೆ. ಮೂತ್ರಪಿಂಡ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿ ಅವನ್ನು ಸೋಸಿ, ಸಾಂದ್ರಗೊಳಿಸಿ ಮೂತ್ರಕ್ಕೆ ಹಾಕುತ್ತದೆ. ಆ ಮೂತ್ರ ಕಲಾಯಿಯನ್ನು ದಿನವಿಡೀ ತೊಯ್ಸುತ್ತದೆ, ಐವತ್ತು ವರ್ಷ. ನೆಫ್ರಾನಿನ ಬಗ್ಗೆ ಅಷ್ಟು ಓದಿದ ನಮಗೆ ಇದು ಹೊಳೆಯಬೇಕಿತ್ತು.

ಇದನ್ನು ಮನೆಯಲ್ಲಿ ಹೇಳುವಾಗ ನಾನು ಒಂದು ವಿಷಯ ಮರೆತಿದ್ದೆ. ಅಜ್ಜಿ ಬೀಡಿ ಸುತ್ತುತ್ತಿದ್ದವರು. ಮದುವೆಯಾಗಿ ಬಂದಾಗಿನಿಂದ, ಬೆರಳು ಮಡಚಲಾಗದಷ್ಟು ಸಂಧಿವಾತ ಬರುವವರೆಗೆ, ಮೊರ ಮಡಿಲಲ್ಲಿಟ್ಟು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿದವರು. ಉಪ್ಪನ ಪಾಸ್‌ಪೋರ್ಟು, ಚಿಕ್ಕಪ್ಪನ ಐಟಿಐ ಫೀಸು, ಅತ್ತೆಯ ಬೆಂಡೋಲೆ, ಎಲ್ಲ ಆ ಮೊರದಿಂದ ಬಂದದ್ದು. ನಮ್ಮ ಕಾಲೇಜಿನಲ್ಲಿ ಎಷ್ಟೋ ಮಂದಿಯ ಮನೆಯ ಕಥೆ ಇದೇ ಇರಬಹುದು. ಅಜ್ಜ ಸೇದುತ್ತಿದ್ದದ್ದೂ ಅವರು ಸುತ್ತಿದ್ದರಲ್ಲಿ ಮಿಕ್ಕವನ್ನೇ. ಅಜ್ಜಿ ಎರಡು ದಿನ ಊಟ ಮಾಡಲಿಲ್ಲ. ಯಾರ ಹತ್ತಿರವೂ ಏನೂ ಹೇಳಲಿಲ್ಲ. ಮೂರನೆಯ ದಿನ ಅಜ್ಜನೇ ಅಡುಗೆಮನೆಯ ಬಾಗಿಲಿಗೆ ಹೋಗಿ, ‘ನೀನು ಸುತ್ತಿದ್ದರಿಂದ ಮಕ್ಕಳು ಉಂಡರು. ಸೇದು ಅಂತ ನೀನು ಯಾವತ್ತಾದರೂ ಹೇಳಿದ್ದೆಯಾ? ಬೈದದ್ದೇ ನೆನಪು’ ಎಂದರು. ಅಜ್ಜಿ ಗಂಜಿ ಬಡಿಸಿದರು. ಆ ಮಾತಿನಿಂದ ಅಜ್ಜಿಯ ಮನಸ್ಸು ಪೂರ್ತಿ ಹಗುರವಾಯಿತು ಎಂದು ನಾನು ಹೇಳಲಾರೆ.

ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತಲ್ಲ, ನಾಟಿ ಔಷಧದ್ದು. ಅದು ನನಗೆ ಸುಮ್ಮನೆ ಕೇಳಿದ ಪ್ರಶ್ನೆಯಂತೆ ಕಂಡಿತ್ತು. ಹಾಗಲ್ಲವಂತೆ. ಡಾನ್ಯೂಬ್ ನದಿಗೆ ಸೇರುವ ಹೊಳೆಗಳ ಬದಿಯಲ್ಲಿ, ಬೋಸ್ನಿಯಾ, ಕ್ರೊವೇಷಿಯಾ, ಸರ್ಬಿಯಾ, ಬಲ್ಗೇರಿಯಾ, ರೊಮೇನಿಯಾಗಳ ಕೆಲವು ಹಳ್ಳಿಗಳಲ್ಲಿ ತಲೆಮಾರುಗಳಿಂದ ರೈತರ ಮೂತ್ರಪಿಂಡಗಳು ಕುಗ್ಗುತ್ತಾ ಬರುತ್ತಿದ್ದವು, ಅವರಲ್ಲಿ ಹಲವರಿಗೆ ಅಜ್ಜನಿಗೆ ಬಂದಂತಹ ಕ್ಯಾನ್ಸರೂ ಬರುತ್ತಿತ್ತು. ನೀರು, ಲೋಹ, ಶಾಪ, ಎಲ್ಲವನ್ನೂ ಸಂಶಯಪಟ್ಟರು. ಕೊನೆಗೆ ಸಿಕ್ಕಿಬಿದ್ದದ್ದು ಗೋಧಿ ಹೊಲದ ಒಂದು ಕಳೆ, ಅರಿಸ್ಟೊಲೋಕಿಯಾ. ಅದರ ಬೀಜ ಗೋಧಿಯೊಂದಿಗೆ ಸೇರಿ ಹಿಟ್ಟಾಗಿ, ರೊಟ್ಟಿಯಾಗಿ ಹೊಟ್ಟೆಗೆ ಹೋಗುತ್ತಿತ್ತು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಒಂದು ನಿರ್ದಿಷ್ಟ ಬಗೆಯ ತಪ್ಪನ್ನೇ ಮತ್ತೆ ಮತ್ತೆ ಬರೆಯುತ್ತದೆ. ಎ ಇರಬೇಕಾದಲ್ಲಿ ಟಿ. ಹಾಗಾಗಿ ಗಡ್ಡೆಯ ಡಿಎನ್‌ಎ ಓದಿದರೆ, ಕಳ್ಳ ಬೆರಳಚ್ಚು ಬಿಟ್ಟುಹೋದಂತೆ, ಇದು ಆ ಗಿಡದ ಕೆಲಸ ಎಂದು ಗೊತ್ತಾಗುತ್ತದೆ.

ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಇದೇ ಇನ್ನೊಂದು ರೀತಿಯಲ್ಲಿ ಆಯಿತು. 1990ರ ದಶಕದ ಆರಂಭದಲ್ಲಿ, ತೂಕ ಇಳಿಸಲು ಚೀನಾದ ಗಿಡಮೂಲಿಕೆಯ ಮಾತ್ರೆ ತಿಂದ ಹೆಂಗಸರ ಮೂತ್ರಪಿಂಡಗಳು ಕೈಕೊಟ್ಟವು. ಎರಡು ಗಿಡಗಳ ಚೀನೀ ಹೆಸರುಗಳು ಒಂದನ್ನೊಂದು ಹೋಲುತ್ತಿದ್ದರಿಂದ, ಹಾಕಬೇಕಾದ ಗಿಡದ ಬದಲು ಅರಿಸ್ಟೊಲೋಕಿಯಾ ಸೇರಿಹೋಗಿತ್ತು. ಕೆಟ್ಟ ಮೂತ್ರಪಿಂಡಗಳನ್ನು, ನಾಳಗಳನ್ನು ಮುನ್ನೆಚ್ಚರಿಕೆಗೆಂದು ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಆಗಲೇ ಕ್ಯಾನ್ಸರ್ ಇತ್ತು ಎಂದು 2000ದಲ್ಲಿ ವರದಿಯಾಯಿತು. ಆ ಅಂಕಿಯನ್ನು ಕೇಳಿ ನಾನು ಬೆಚ್ಚಿದ್ದು ದೂರದ ಬ್ರಸೆಲ್ಸ್‌ಗಾಗಿ ಅಲ್ಲ. ಅರಿಸ್ಟೊಲೋಕಿಯಾದ ಒಂದು ಜಾತಿ ನಮ್ಮಲ್ಲೂ ಇದೆ, ಅದೇ ಈಶ್ವರಿ ಬಳ್ಳಿ. ಉಮ್ಮನ ತವರಿನ ಬೇಲಿಯಲ್ಲಿ ಹಬ್ಬಿದೆ. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಬೇರು ತೇದು ಕುಡಿಸುತ್ತಿದ್ದರು ಎಂದು ಉಮ್ಮ ಹೇಳುತ್ತಾರೆ. ನಮ್ಮ ರಾಜ್ಯದ ಚಿಟ್ಟೆ ಎಂದು ಹೆಸರು ಪಡೆದ ಆ ಕಪ್ಪು ಹಳದಿ ರೆಕ್ಕೆಯ ದೊಡ್ಡ ಚಿಟ್ಟೆ ಮೊಟ್ಟೆ ಇಡುವುದು ಈ ಬಳ್ಳಿಗಳ ಮೇಲೆಯೇ. ಅದರ ಹುಳ ಎಲೆ ತಿಂದು ವಿಷವನ್ನು ಮೈಯಲ್ಲಿಟ್ಟುಕೊಳ್ಳುತ್ತದೆ, ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಬಳ್ಳಿ ಚಿಟ್ಟೆಗೆ ಇರಲಿ, ಬೇಲಿಯಲ್ಲೇ ಇರಲಿ. ತೇದು ಕುಡಿಯುವುದು ಬೇಡ. ಅಜ್ಜ ಅದನ್ನು ಕುಡಿದವರಲ್ಲ, ಅವರದ್ದು ಬೀಡಿಯದ್ದೇ ಎಂದು ಡಾಕ್ಟರ್ ಅಂದಾಜು.

ಶಸ್ತ್ರಚಿಕಿತ್ಸೆಯ ವಿಷಯಕ್ಕೆ ಮನೆಯಲ್ಲಿ ಜಗಳವಾಯಿತು. ಗಡ್ಡೆ ಇದ್ದದ್ದು ಎರಡು ಸೆಂಟಿಮೀಟರ್. ಡಾಕ್ಟರ್ ತೆಗೆಯಬೇಕೆಂದದ್ದು ಎಡ ಮೂತ್ರಪಿಂಡ, ಇಡೀ ಎಡ ನಾಳ, ಅದು ಮೂತ್ರಕೋಶಕ್ಕೆ ಸೇರುವಲ್ಲಿ ಮೂತ್ರಕೋಶದ ಒಂದು ಚೂರು. ಹಲ್ಲು ಹುಳುಕಾದರೆ ದವಡೆ ಕೀಳುತ್ತಾರಾ ಎಂದು ಸೌದಿಯಿಂದ ಉಪ್ಪ ಫೋನಿನಲ್ಲಿ ಕೂಗಿದರು. ಗಡ್ಡೆ ಚಿಕ್ಕದು, ಒರಟು ಸ್ವಭಾವದ್ದಲ್ಲ ಎಂದಾದರೆ ದುರ್ಬೀನಿನಿಂದ ಲೇಸರ್ ಬಿಟ್ಟು ಸುಡುವುದೂ ಇದೆ, ನಾಳದ ಕೆಳಭಾಗವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಮೂತ್ರಕೋಶಕ್ಕೆ ಜೋಡಿಸುವುದೂ ಇದೆ. ಅಜ್ಜನದು ತೀವ್ರ ದರ್ಜೆಯದ್ದು, ಮೇಲಿನ ಮೂತ್ರಪಿಂಡ ಊದಿ ಕೆಲಸವನ್ನೂ ಹೆಚ್ಚುಕಡಿಮೆ ನಿಲ್ಲಿಸಿತ್ತು. ನಾಳದ ತುಂಡನ್ನು ಉಳಿಸಿದರೆ ಅಲ್ಲೇ ಮತ್ತೆ ಬರುವ ಸಾಧ್ಯತೆ ಹೆಚ್ಚು. ನಾಳವನ್ನು ನಡುವೆ ತೆರೆಯುವಂತೆಯೂ ಇಲ್ಲ, ಒಳಗಿನ ಕ್ಯಾನ್ಸರ್ ಕೋಶಗಳು ಚೆಲ್ಲಿ ಹೊಟ್ಟೆಯಲ್ಲಿ ಬೇರೂರಬಹುದು. ನಾನು ಇದನ್ನೆಲ್ಲ ಉಪ್ಪನಿಗೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಮಾಡಿ ಕಳಿಸಿದೆ, ಕಲಾಯಿ ಸಮೇತ. ಉತ್ತರ ಬರಲು ಒಂದು ರಾತ್ರಿ ಹಿಡಿಯಿತು. ‘ಅಜ್ಜ ಏನು ಹೇಳುತ್ತಾರೆ?’ ಎಂದಷ್ಟೇ ಇತ್ತು. ಅಜ್ಜ ಬಿಸ್ಮಿಲ್ಲಾ ಹೇಳಿ ಮಾಡಲಿ ಎಂದಿದ್ದರು.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಒಬ್ಬರು ಟ್ರೇಯೊಂದನ್ನು ಹೊರಗೆ ತಂದು ಮನೆಯವರು ಯಾರು ಎಂದು ಕೇಳಿದರು. ಚಿಕ್ಕಪ್ಪ ಮುಖ ತಿರುಗಿಸಿದರು. ನಾನು ನೋಡಿದೆ. ಊದಿದ ಮೂತ್ರಪಿಂಡ, ಅದರಿಂದ ಇಳಿದ ನಾಳ. ಸ್ಕೇಲಿನಲ್ಲಿ ಎಳೆದ ಎರಡು ಗೆರೆಗಳಂತೆ ಅದು ಖಂಡಿತ ಇರಲಿಲ್ಲ. ಮೇಲೆ ಅಗಲವಾಗಿ, ಸುರುಳಿ ಸುತ್ತಿಕೊಂಡು, ಒಂದು ಜಾಗದಲ್ಲಿ ಹಾವು ಕಪ್ಪೆ ನುಂಗಿದಂತೆ ಉಬ್ಬಿ, ಅದರ ಕೆಳಗೆ ಮತ್ತೆ ಸಪೂರ. ಆ ಉಬ್ಬನ್ನು ಅವರು ಕೈಗವಸಿನ ಬೆರಳಿನಿಂದ ತೋರಿಸಿದರು. ನಾನು ತಲೆಯಾಡಿಸಿದೆ. ಸಹಿ ಹಾಕುವಾಗ ಕೈ ನಡುಗಿತು.

ಅಜ್ಜನಿಗೆ ಎಚ್ಚರವಾದ ಮೇಲೆ ಕೇಳಿದ ಮೊದಲ ಪ್ರಶ್ನೆ ಗಂಟೆ ಎಷ್ಟು ಎಂದು. ಅಸ್ರ್ ಆಗಿತ್ತು. ಮೂತ್ರಕೋಶದ ಹೊಲಿಗೆ ಮಾಗುವವರೆಗೆ ಕೊಳವೆ ಹಾಕಿ ಮಂಚಕ್ಕೆ ಚೀಲ ತೂಗುಹಾಕಿದ್ದರು. ಮೂತ್ರದ ಚೀಲ ಮೈಗೆ ಅಂಟಿಕೊಂಡಿರುವಾಗ ನಮಾಝ್ ಹೇಗೆ? ನಾಲ್ಕು ತಿಂಗಳು ನುಂಗಿಕೊಂಡಿದ್ದ ಪ್ರಶ್ನೆ ಈಗ ಎಲ್ಲರ ಎದುರು ಬಂತು. ನಾನು ಉಸ್ತಾದರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವರು ಹೇಳಿದರು: ತಡೆಯಲಾಗದೆ ಮೂತ್ರ ಹೋಗುವವರಿಗೆ ಫಿಕ್‌ಹ್‌ನಲ್ಲಿ ಮೊದಲಿನಿಂದಲೇ ದಾರಿ ಇದೆ, ಪ್ರತಿ ನಮಾಝಿನ ಹೊತ್ತಾದ ಮೇಲೆ ವುಝೂ ಮಾಡಿ, ಆಗುವ ಹಾಗೆ ಕುಳಿತೋ ಮಲಗಿಯೋ ನಿರ್ವಹಿಸಿದರೆ ಸಾಕು. ಆಮೇಲೆ ಸ್ವಲ್ಪ ತಡೆದು, ‘ಇದನ್ನು ಕೇಳಲು ಇಷ್ಟು ದಿನ ಏಕೆ ಕಾದಿರಿ, ಕಾಕಾ? ನನ್ನ ಹತ್ತಿರ ವಾರಕ್ಕೊಬ್ಬರು ಕೇಳುತ್ತಾರೆ’ ಎಂದರು. ಅಜ್ಜ ಕಣ್ಣು ಮುಚ್ಚಿಕೊಂಡರು. ವಾರಕ್ಕೊಬ್ಬರು ಕೇಳುವ ಪ್ರಶ್ನೆಯನ್ನು ತಾನೊಬ್ಬನೇ ಹೊತ್ತು ತಿರುಗಿದ್ದೇನೆ ಎಂದು ಅವರಿಗೆ ಅನಿಸಿರಬೇಕು. ನಾನು ಅವರ ಕೈಗೆ ನೀರು ಹಾಕಿ ವುಝೂ ಮಾಡಿಸಿದೆ.

ಗಡ್ಡೆ ಸ್ನಾಯು ಪದರಕ್ಕೆ ಇಳಿದಿತ್ತು, ಹೊರಗೆ ದಾಟಿರಲಿಲ್ಲ ಎಂದು ವರದಿ ಬಂತು. ಆಮೇಲಿನ ಕೀಮೋ ವಿಷಯದಲ್ಲಿ ಇನ್ನೊಂದು ಇಕ್ಕಟ್ಟು. ಶಸ್ತ್ರಚಿಕಿತ್ಸೆಯಾಗಿ ತೊಂಬತ್ತು ದಿನಗಳೊಳಗೆ ಪ್ಲಾಟಿನಂ ಇರುವ ಔಷಧ ಕೊಟ್ಟರೆ ಕಾಯಿಲೆ ಮರಳದಂತೆ ತಡೆಯುವುದಕ್ಕೆ ನೆರವಾಗುತ್ತದೆ ಎಂದು ಬ್ರಿಟನ್ನಿನ ಒಂದು ಪ್ರಯೋಗ 2020ರಲ್ಲಿ ತೋರಿಸಿದೆ. ಅದರಲ್ಲಿ ಮುಖ್ಯ ಔಷಧ ಸಿಸ್‌ಪ್ಲಾಟಿನ್. ಸಿಸ್‌ಪ್ಲಾಟಿನ್ ಕೊಡಬೇಕಾದರೆ ಮೂತ್ರಪಿಂಡ ಚೆನ್ನಾಗಿರಬೇಕು, ಏಕೆಂದರೆ ಅದು ಮೂತ್ರಪಿಂಡಕ್ಕೇ ಪೆಟ್ಟು ಕೊಡುತ್ತದೆ. ಅಜ್ಜನ ಹತ್ತಿರ ಈಗ ಉಳಿದಿರುವುದು ಒಂದೇ. ಕಾಯಿಲೆಯ ಕಾರಣಕ್ಕೆ ಮೂತ್ರಪಿಂಡ ತೆಗೆದರು, ಮೂತ್ರಪಿಂಡ ತೆಗೆದ ಕಾರಣಕ್ಕೆ ಕಾಯಿಲೆಯ ಒಳ್ಳೆಯ ಔಷಧ ಕೊಡಲಾಗದು. ಕ್ರಿಯಾಟಿನಿನ್ ಲೆಕ್ಕ ನೋಡಿ, ಸ್ವಲ್ಪ ಮೃದುವಾದ ಕಾರ್ಬೋಪ್ಲಾಟಿನ್ ಕೊಟ್ಟರು, ಜೊತೆಗೆ ಇನ್ನೊಂದು. ನಾಲ್ಕು ಸುತ್ತು. ಕೂದಲಿಗಿಂತ ಹೆಚ್ಚಾಗಿ ಹೋದದ್ದು ನಾಲಿಗೆಯ ರುಚಿ. ಬಂಗುಡೆ ಮಾರಿ ಜೀವನ ಕಳೆದವರು ಬಂಗುಡೆ ಮಣ್ಣಿನಂತಿದೆ ಎಂದರು.

ಈಗ ಹತ್ತು ತಿಂಗಳಾಯಿತು. ಬೀಡಿ ಬಿಟ್ಟಿದ್ದಾರೆ. ಅಜ್ಜ ಕೇಳಿದ್ದ ಪ್ರಶ್ನೆ ಮಾತ್ರ ಹಾಗೆಯೇ ಇದೆ, ಬೇರೆ ಕಡೆಯ ಕಲಾಯಿ? ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ನೂರಕ್ಕೆ 22ರಿಂದ 47 ಮಂದಿಗೆ ಮುಂದೆ ಮೂತ್ರಕೋಶದಲ್ಲಿ ಗಡ್ಡೆ ಕಾಣಿಸಿಕೊಳ್ಳುತ್ತದೆ. ಬೇಗ ಕಂಡರೆ ದುರ್ಬೀನಿನಿಂದಲೇ ಕೆರೆದು ತೆಗೆಯಬಹುದು. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಮೂತ್ರಕೋಶದೊಳಗೆ ಇಣುಕಿ ನೋಡಬೇಕು, ವರ್ಷಗಟ್ಟಲೆ. ಇದುವರೆಗೆ ಮೂರು ಸಲ ಆಗಿದೆ, ಏನೂ ಇಲ್ಲ. ಮುಂದಿನದು ನಮ್ಮ ಪೂರ್ವಸಿದ್ಧತಾ ಪರೀಕ್ಷೆಯ ವಾರದಲ್ಲಿ ಬಿದ್ದಿದೆ. ಚಿಕ್ಕಪ್ಪ ತಾವು ಹೋಗುತ್ತೇನೆ ಎಂದಿದ್ದಾರೆ. ಅಜ್ಜನಿಗೆ ಅದು ಒಪ್ಪಿಗೆಯಿಲ್ಲ, ‘ಅವನಿಗೆ ಕಲಾಯಿ ಗೊತ್ತಿಲ್ಲ’ ಎನ್ನುತ್ತಾರೆ.

ಮೊದಲು ಲುಂಗಿಯನ್ನು ಕತ್ತಲಲ್ಲಿ ತೊಳೆಯುತ್ತಿದ್ದವರು ಈಗ ಬೆಳಗಿನ ಚಹಾಕ್ಕೆ ಕುಳಿತಾಗ, ಯಾರೂ ಕೇಳದಿದ್ದರೂ, ಆ ದಿನದ ಬಣ್ಣ ಹೇಳುತ್ತಾರೆ. ಇವತ್ತು ಗಂಜಿ ತಿಳಿ. ಇವತ್ತು ಸ್ವಲ್ಪ ಹಳದಿ, ನೀರು ಕುಡಿದದ್ದು ಕಡಿಮೆ. ‘ತಿನ್ನುವ ಹೊತ್ತಿನಲ್ಲಿ ಇದೆಲ್ಲ ಬೇಕಾ’ ಎಂದು ಅಜ್ಜಿ ಬೈಯುತ್ತಾರೆ, ಬೈದು, ಚೆಂಬಿನಲ್ಲಿ ನೀರು ತಂದು ಅವರ ಮುಂದೆ ಇಡುತ್ತಾರೆ.